ನೂಲಿನಲ್ಲಿ ಹೊಲಿದ ಷೇರು ಬೆಲೆ

ಪಿಂಜಾರರ ಓಣಿಯ ಇಮಾಮ್ ಸಾಬನ ಮಗಳು ಮೆಹರುನ್ನೀಸಾ ಹಿರಿಯೂರಿನ ಗಂಡನ ಮನೆ ಬಿಟ್ಟು, ಒಂದು ತಗಡಿನ ಟ್ರಂಕು ಹಿಡಿದು ಚಿತ್ರದುರ್ಗಕ್ಕೆ ವಾಪಸು ಬಂದಾಗ ಅವಳಿನ್ನೂ ಹರೆಯದವಳೇ. ಮಕ್ಕಳಾಗಲಿಲ್ಲವೆಂದು ಗಂಡ ಇನ್ನೊಬ್ಬಳನ್ನು ತಂದಿದ್ದ. ತಂದವನು ಇವಳಿಗೂ ಇರು ಅಂದ, ಹೊಸಬಳ ಬಾಣಂತನ ಮಾಡುವುದಕ್ಕೆ ಒಂದು ಆಳು ಬೇಕಲ್ಲ. ಇವಳು ಇರಲಿಲ್ಲ. ಅಮ್ಮ ತೀರಿಹೋಗಿ ವರ್ಷಗಳಾಗಿದ್ದವು. ಅಪ್ಪ ದಾರದುಂಡೆಯನ್ನೂ ಗಾದಿ ಹೊಲಿಯುವ ದಬ್ಬಳವನ್ನೂ ಅವಳ ಮುಂದಿಟ್ಟು, "ಬಾರವ್ವ, ಈ ಅಂಚು ಮುಗ್ಸು" ಅಂದ. ಅಷ್ಟೇ ಸ್ವಾಗತ.

ಇಮಾಮ್ ಸಾಬ್ ಬಿಲ್ಲಿನಿಂದ ಹತ್ತಿ ಹಿಂಜುವವನು. ಆಳುದ್ದದ ಬಿಲ್ಲನ್ನು ಹೆಗಲಿಗೆ ಹಾಕಿಕೊಂಡು ಪೇಟೆಯ ಮನೆಮನೆಗೆ ಹೋಗಿ, ಗಂಟು ಕಟ್ಟಿದ ಹಳೇ ಗಾದಿಗಳನ್ನು ಬಿಚ್ಚಿ, ಹಿಂಜಿ, ಮತ್ತೆ ತುಂಬಿ ಹೊಲಿದುಕೊಡುತ್ತಿದ್ದ. ಹತ್ತಿಯ ದೂಳು ಕುಡಿದು ಕುಡಿದು ಅವನ ಎದೆಯಲ್ಲಿ ಕೆಮ್ಮು ಮನೆ ಮಾಡಿತ್ತು. ಅಷ್ಟರಲ್ಲಿ ಅದೇ ಓಣಿಯ ಖಲೀಲುಲ್ಲಾ ಕರೆಂಟಿನ ಮೇಲೆ ಓಡುವ ಹಿಂಜುವ ಮಿಷನ್ ತಂದು ಕೂರಿಸಿದ. ಬಿಲ್ಲಿನವನು ದಿನವಿಡೀ ಮಾಡುವುದನ್ನು ಅದು ಒಂದು ಬೀಡಿ ಸೇದುವುದರೊಳಗೆ ಮಾಡುತ್ತಿತ್ತು. ಇಮಾಮ್ ಸಾಬನಿಗೂ ಅಂಥದ್ದೊಂದು ಬೇಕು ಅನ್ನುವ ಆಸೆ ಹತ್ತಿತು. ಹೆಂಡತಿಯ ಓಲೆ ಮಾರಿದ್ದು, ತಾನು ಹೊಟ್ಟೆ ಕಟ್ಟಿ ಉಳಿಸಿದ್ದು ಎಲ್ಲವನ್ನೂ ಅದಕ್ಕೆಂದೇ ಎತ್ತಿಟ್ಟಿದ್ದ.

ದೊಡ್ಡಪೇಟೆಯ ಈರಬಸಪ್ಪನವರ ಮನೆ ಅವನ ಹಳೇ ಗಿರಾಕಿ. ಈರಬಸಪ್ಪನವರು ಹತ್ತಿ ವ್ಯಾಪಾರದಲ್ಲಿ ಬೆಳೆದವರು. ಐವತ್ತು ದಾಟಿದ ಮೇಲೆ ವ್ಯಾಪಾರ ಬಿಟ್ಟು ಷೇರಿಗೆ ಬಿದ್ದರು. ಬೆಂಗಳೂರಿನಿಂದ ಬಸ್ಸಿನಲ್ಲಿ ಬರುವ ಇಂಗ್ಲಿಷ್ ಪೇಪರಿನ ಷೇರು ಪುಟವನ್ನು ಕತ್ತರಿಸಿ, ಚೌಕಚೌಕದ ಕಾಗದದ ಮೇಲೆ ಪ್ರತಿ ವಾರದ ಬೆಲೆಗೊಂದು ಚುಕ್ಕೆ ಇಟ್ಟು, ಕೆಂಪು ನೀಲಿ ಪೆನ್ಸಿಲಿನಲ್ಲಿ ಗೆರೆ ಎಳೆದು ಪಡಸಾಲೆಯ ಗೋಡೆ ತುಂಬ ಅಂಟಿಸಿದ್ದರು. ಸಿಮೆಂಟಿಗೊಂದು, ಸಕ್ಕರೆಗೊಂದು, ಕಾಗದದ ಕಂಪನಿಗೊಂದು, ಹರಿಹರದ ಆಚೆಯ ಒಂದು ನೂಲಿನ ಗಿರಣಿಗೊಂದು. ಬಂದವರನ್ನು ಗೋಡೆಯ ಮುಂದೆ ನಿಲ್ಲಿಸಿ, "ಈ ಗೆರೆ ಓದೋಕೆ ಬಂದ್ರೆ ಬೇರೆ ಯಾವ ದೇವರೂ ಬೇಕಾಗಿಲ್ಲ" ಅನ್ನುತ್ತಿದ್ದರು. ಆಮೇಲೆ ಕಣ್ಣಿನೊಳಗೆ ಒತ್ತಡ ಏರಿ ಮೊದಲು ಒಂದು ಕಣ್ಣು, ಹಿಂದೆಯೇ ಇನ್ನೊಂದು ಹೋಯಿತು. ಊರಿನಲ್ಲಿ ಅಯ್ಯೋ ಅಂದವರಿಗಿಂತ, ಸರಿಯಾಯ್ತು ಅಂದವರೇ ಹೆಚ್ಚು. ತೂಕದಲ್ಲಾಗಲಿ ಮಾತಿನಲ್ಲಾಗಲಿ ಯಾರಿಗೂ ಒಂದೆಳೆ ಬಿಟ್ಟುಕೊಟ್ಟ ಮನುಷ್ಯ ಅವರಲ್ಲ.

ಮಗ ಹಾಲಸ್ವಾಮಿ ದಿನಾ ಬೆಳಿಗ್ಗೆ ಪೇಪರ್ ಓದಿ ಹೇಳುತ್ತಿದ್ದ. ಅವರಿಗೆ ಅದು ಸಾಲುತ್ತಿರಲಿಲ್ಲ. "ಅಂಕಿ ಕಿವಿಗೆ ಬಿದ್ರೆ ಏನ್ ಬಂತು? ನಂಗೆ ಗೆರೆ ಬೇಕು, ಗೆರೆ" ಎಂದು ಊಟದ ತಟ್ಟೆ ತಳ್ಳುತ್ತಿದ್ದರು.

ಎಪ್ಪತ್ತಮೂರರ ಬೇಸಿಗೆಯಲ್ಲಿ ಅಪ್ಪ ಮಗಳು ಆ ಮನೆಯ ಗಾದಿ ಹೊಲಿಯಲು ಹೋದರು. ಕೆಲಸ ಮುಗಿದ ಮೇಲೆ ಈರಬಸಪ್ಪನವರು ಜಗಲಿಗೆ ಬಂದು ಕೂತು ಗಾದಿಯ ಮೇಲೆ ಕೈಯಾಡಿಸಿದರು. ಅಂಚಿನ ಹೊಲಿಗೆಯ ಮೇಲೆ ಬೆರಳು ನಿಂತಿತು.

"ಯಾರ ಹೊಲಿಗೆ ಇದು?"

"ನನ್ ಮಗಳದ್ದು ಯಜಮಾನ್ರೇ."

"ಇಲ್ಲಿ ಮೇಲಕ್ಕೆ ಹೋಗೈತೆ. ಇಲ್ಲಿ ಇಳಿದೈತೆ."

ಇಮಾಮ್ ಸಾಬನಿಗೆ ಜೀವ ಹಾರಿತು. "ಹೊಸಬಳು ಯಜಮಾನ್ರೇ, ಸೊಟ್ಟ ಆಗೈತೆ. ಬಿಚ್ಚಿ ಹೊಲಿಸ್ಕೊಡ್ತೀನಿ."

"ಬಿಚ್ಚಬ್ಯಾಡ." ಬೆರಳು ಇನ್ನೊಮ್ಮೆ ಆ ಸೊಟ್ಟ ಹೊಲಿಗೆಯ ಗುಂಟ ನಿಧಾನವಾಗಿ ಹೋಯಿತು. "ಓದು ಬರ್ತದಾ ಇವಳಿಗೆ?"

"ಏಳನೇ ಕ್ಲಾಸು ಪಾಸು."

"ನಾಳೆಯಿಂದ ಕಳ್ಸು."

ಹೀಗೆ ಆ ಕೆಲಸ ಶುರುವಾಯಿತು. ದಪ್ಪ ಖಾದಿಯ ಉದ್ದನೆಯ ಪಟ್ಟಿ, ಒಂದೊಂದು ಷೇರಿಗೆ ಒಂದೊಂದು. ಮೊದಲು ತೆಳು ದಾರದಲ್ಲಿ ಅಡ್ಡಡ್ಡ ಮೆಟ್ಟಿಲು ಹೊಲಿಯಬೇಕು, ಬೆರಳಿಗೆ ಎತ್ತರ ಗೊತ್ತಾಗುವಂತೆ. ಕೆಳಗಿನ ಅಂಚಿನಲ್ಲಿ ವಾರಕ್ಕೊಂದು ಗಂಟು. ಆಮೇಲೆ ಬೆಲೆ ನಿಂತ ಜಾಗಕ್ಕೆ ದಪ್ಪ ಹುರಿಯನ್ನು ಎಳೆದು ಒತ್ತಾಗಿ ಹೊಲಿಯಬೇಕು. ಷೇರು ಪುಟದ ಇರುವೆ ಸಾಲಿನಂಥ ಅಕ್ಷರಗಳನ್ನು ಓದುವುದನ್ನು ಅವಳು ಒಂದು ತಿಂಗಳಲ್ಲಿ ಕಲಿತಳು. ಯಾವ ಕಂಪನಿಯ ಹೆಸರನ್ನು ಹೇಗೆ ಮೊಟಕು ಮಾಡಿ ಅಚ್ಚು ಹಾಕುತ್ತಾರೆ ಅನ್ನುವುದು ಈರಬಸಪ್ಪನವರಿಗೆ ಬಾಯಿಪಾಠವಾಗಿತ್ತು. ಹೇಳಿಕೊಟ್ಟರು. ತಪ್ಪಿದರೆ ಅವಳ ಕೈಯಿಂದ ದಬ್ಬಳ ಕಸಿದು, ಬೆರಳು ಹುಡುಕಿ, ಉಗುರಿನ ಬುಡಕ್ಕೆ ಚುಚ್ಚುತ್ತಿದ್ದರು. "ನೋವಾದ್ರೆ ಮರೆಯಲ್ಲ" ಅನ್ನುತ್ತಿದ್ದರು. ಸಿಟ್ಟಿನಿಂದಲ್ಲ, ಎತ್ತಿಗೆ ಮೂಗುದಾರ ಹಾಕುವವನ ನೆಮ್ಮದಿಯಿಂದ.

ಅವಳು ಕೂರುವುದು ಜಗಲಿಯ ತುದಿಯಲ್ಲಿ. ಅವಳು ಹೊಲಿದುಕೊಟ್ಟ ಪಟ್ಟಿಯ ಮೇಲೆ ಈರಬಸಪ್ಪನವರ ಹೆಂಡತಿ ಗಂಗಕ್ಕ ನಾಲ್ಕು ಹನಿ ನೀರು ಚಿಮುಕಿಸಿ ಒಳಗೆ ಒಯ್ಯುತ್ತಿದ್ದಳು. ಒಮ್ಮೆ ಅವಳು ಚಿಮುಕಿಸುವ ಸದ್ದು ಕೇಳಿ ಯಜಮಾನರು ನಕ್ಕರು: "ನೂಲಿಗೆ ಮೈಲಿಗೆ ಇಲ್ಲ ಕಣೇ, ಹೊಲಿಯೋಳಿಗೆ ಐತೆ. ಅವಳ ಮೇಲೇ ಹಾಕು." ಗಂಗಕ್ಕ ನಗಲಿಲ್ಲ. ಬೈಯಲೂ ಇಲ್ಲ.

ಇಷ್ಟಾದರೂ, ಸಿಮೆಂಟಿನ ಮೊದಲ ಪಟ್ಟಿ ಮುಗಿದ ದಿನವನ್ನು ಮೆಹರುನ್ನೀಸಾ ಮರೆಯಲಿಲ್ಲ. ಅವರು ಪಟ್ಟಿಯನ್ನು ತೊಡೆಯ ಮೇಲೆ ಹರಡಿಕೊಂಡು ತೋರುಬೆರಳನ್ನು ಎಡತುದಿಗೆ ಇಟ್ಟರು. ಬೆರಳು ಏರಿತು, ತಡೆಯಿತು, ಇಳಿಯಿತು, ಮತ್ತೆ ಏರಿತು. ಮುಖದ ಗಂಟುಗಳೆಲ್ಲ ಸಡಿಲವಾದವು. "ಬಂತು" ಎಂದರು. "ಲೇ ಗಂಗಾ, ಕಾಣ್ತೈತೆ! ನಂಗೆ ಕಾಣ್ತೈತೆ!" ಗಂಡ ಬೇಡವೆಂದ ಕೈ, ಮಕ್ಕಳನ್ನು ಎತ್ತದ ಕೈ, ಕುರುಡನೊಬ್ಬನಿಗೆ ಕಣ್ಣು ಕೊಟ್ಟಿತಲ್ಲ ಎಂದು ಅವಳು ದಾರಿಯುದ್ದಕ್ಕೂ ತನ್ನ ಬೆರಳುಗಳನ್ನೇ ನೋಡಿಕೊಳ್ಳುತ್ತ ಮನೆಗೆ ಬಂದಳು. ಚುಚ್ಚಿದ ಗಾಯ ಅವತ್ತು ಉರಿಯಲಿಲ್ಲ.

ಒಂದು ವರ್ಷ ಗೆರೆಗಳು ಚೆನ್ನಾಗಿಯೇ ಏರಿದವು. ಎಪ್ಪತ್ತನಾಲ್ಕರ ಮಳೆಗಾಲದಲ್ಲಿ, ಕಂಪನಿಗಳು ಷೇರುದಾರರಿಗೆ ಹಂಚುವ ಲಾಭಕ್ಕೆ ಸರ್ಕಾರ ಕಡಿವಾಣ ಹಾಕಿತು. ಷೇರು ಪುಟ ಒಂದೇ ವಾರದಲ್ಲಿ ಕುಸಿಯಿತು. ಗಿರಣಿಯದ್ದಂತೂ ಕೆಲವು ವಾರ ಮೊದಲೇ ಕೂಲಿಕಾರರ ಗಲಾಟೆಯಿಂದ ನೆಲ ಕಚ್ಚುತ್ತಿತ್ತು. ಆ ವಾರ ಮೆಹರುನ್ನೀಸಾ ಹುರಿಯನ್ನು ಕೆಳಕ್ಕೆ ಎಳೆದು ಹೊಲಿಯಲು ಕೂತಾಗ ಹಾಲಸ್ವಾಮಿ ಬಂದು ಎದುರು ಕುಕ್ಕರಗಾಲಲ್ಲಿ ಕೂತ.

"ಮೇಲಕ್ಕೆ ಹೊಲಿ" ಎಂದ.

"ಇಳಿದೈತಲ್ಲ ಅಣ್ಣಾರೇ."

"ನಂಗೂ ಗೊತ್ತು. ಅಪ್ಪಾಜಿಗೆ ಎದೆ ನೋವು ಐತೆ. ಡಾಕ್ಟ್ರು ಆಘಾತ ಆಗಬಾರ್ದು ಅಂದವ್ರೆ. ನಾನೂ ಇನ್ಮೇಲೆ ಹಂಗೇ ಓದಿ ಹೇಳ್ತೀನಿ. ನೀನೂ ಹಂಗೇ ಹೊಲಿ."

ಅವನು ದನಿ ತಗ್ಗಿಸಿದ. "ಇಲ್ಲಾಂದ್ರೆ ನಾಳೆಯಿಂದ ಬರಬ್ಯಾಡ. ಈ ಬೀದೀಲಿ ನಿಮ್ಮಪ್ಪಗೆ ಒಂದು ದಿಂಬಿನ ಕೆಲ್ಸಾನೂ ಸಿಗದಂಗೆ ಮಾಡೋದು ನಂಗೇನ್ ಕಷ್ಟ ಅಲ್ಲ."

ಅವಳು ಮೇಲಕ್ಕೆ ಹೊಲಿದಳು. ಹೆದರಿ ಹೊಲಿದಳು ಅನ್ನುವುದು ಅರ್ಧ ನಿಜ. ಮುದುಕನ ಎದೆ ಒಡೆಯಬಾರದು ಅನ್ನುವ ಮಾತನ್ನು ನಂಬಿದ್ದು ಇನ್ನರ್ಧ. ಅಪ್ಪನ ಎದೆಯ ಸದ್ದನ್ನು ಪ್ರತಿ ಬೆಳಗೂ ಕೇಳುವವಳಿಗೆ ಅದು ನಂಬಲಾರದ ಮಾತೇನೂ ಆಗಿರಲಿಲ್ಲ.

ಸುಳ್ಳು ಗೆರೆ ಹೊಲಿಯುವುದು ಸುಲಭ. ಪೇಪರ್ ನೋಡಬೇಕಾಗಿಲ್ಲ. ಹುರಿ ತನ್ನ ಪಾಡಿಗೆ ತಾನು ಏರುತ್ತ ಹೋಯಿತು, ಈರಬಸಪ್ಪನವರ ಮುಖವೂ ಅದರ ಜೊತೆಗೇ ಏರಿತು. ಚುಚ್ಚುವುದು ನಿಂತಿತು. ಒಂದು ದಿನ ಅವಳಿಗೆ ಸೀರೆ ಕೊಡಿಸಿದರು. ಇನ್ನೊಂದು ದಿನ ಗಂಗಕ್ಕನನ್ನು ಕರೆದು, "ಈ ಮಗೀಗೆ ಒಂದು ಲೋಟ ಮಜ್ಜಿಗೆ ಕೊಡು" ಎಂದರು. ಮಗು ಅಂದಿದ್ದು ಕೇಳಿ ಮೆಹರುನ್ನೀಸಾ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ನಿಜ ಹೊಲಿದಾಗ ರಕ್ತ, ಸುಳ್ಳು ಹೊಲಿದಾಗ ಮಜ್ಜಿಗೆ. ಆದರೂ ಅವಳಿಗೆ ಆ ಮಜ್ಜಿಗೆ ರುಚಿಸಿತು. ಅದನ್ನು ಅವಳು ಎಂದೂ ಮುಚ್ಚಿಡಲಿಲ್ಲ.

ಆ ಚಳಿಗಾಲದಲ್ಲಿ ಈರಬಸಪ್ಪನವರು ಜಗಲಿಗೆ ಜನರನ್ನು ಕರೆಸತೊಡಗಿದರು. ಮೊದಲು ಬಂದವನು ಧರ್ಮಪುರದ ಪಾಪಣ್ಣ. ಕುರಿ ಸಾಕುವವನು, ಉಣ್ಣೆ ಮಾರಲು ವರ್ಷಕ್ಕೊಮ್ಮೆ ದುರ್ಗಕ್ಕೆ ಬಂದವನು ಯಜಮಾನರಿಗೆ ಕೈಮುಗಿದು ಹೋಗುತ್ತಿದ್ದ. ಅವನ ಬೆರಳು ಹಿಡಿದು ಗಿರಣಿಯ ಪಟ್ಟಿಯ ಮೇಲೆ ಓಡಿಸಿದರು.

"ನೋಡಿದ್ಯೇನಪ್ಪ, ಹೆಂಗೆ ಏರೈತೆ! ನನ್ ಹತ್ರ ಇರೋ ಗಿರಣಿ ಷೇರು ನಿಂಗೆ ಬಿಟ್ಕೊಡ್ತೀನಿ. ನಿನ್ ಹಟ್ಟಿ ಕುರಿ ಎಲ್ಲಾ ಸೇರಿ ಹತ್ತು ವರ್ಷಕ್ಕೆ ಹಾಕೋ ಮರೀನ ಇದು ಒಂದೇ ವರ್ಷಕ್ಕೆ ಹಾಕ್ತದೆ."

ಪಾಪಣ್ಣ ಬೆರಳು ಹಿಂದಕ್ಕೆ ಎಳೆದುಕೊಂಡ. "ನಾನು ಕುರಿ ಬೆನ್ನು ಹಿಚುಕಿ ನೋಡಿ ತಗಳೋನು ಯಜಮಾನ್ರೇ. ಇದಕ್ಕೆ ಬೆನ್ನು ಎಲ್ಲೈತೋ ಗೊತ್ತಾಗ್ಲಿಲ್ಲ" ಎಂದು ಕಂಬಳಿ ಕೊಡವಿ ಎದ್ದುಹೋದ. ಆಮೇಲೆ ಪೇಟೆಯ ಇಬ್ಬರು ಮೂವರು ಬಂದರು. ಅವರು ಪೇಪರ್ ಓದುವವರು, ಮುಖಮುಖ ನೋಡಿಕೊಂಡು ಹೋದರು.

ಒಂದು ಮಧ್ಯಾಹ್ನ ಇಮಾಮ್ ಸಾಬ್ ಬಂದ. ಮಗಳು ಹೊಲಿಯುತ್ತಿದ್ದ ಜಗಲಿಗೇ ಬಂದ. ಕರೆಸಿದ್ದಾರೆ ಎಂದು ಅವಳಿಗೆ ಗೊತ್ತಿರಲಿಲ್ಲ.

"ಬಾ ಇಮಾಮ್ ಸಾಬ, ಮೇಲೆ ಬಾ. ಕುಂತ್ಕೋ."

ಆಯಸ್ಸಿನಲ್ಲೇ ಮೊದಲ ಸಲ ಆ ಮನೆಯ ಜಗಲಿಯ ಮೇಲೆ ಯಜಮಾನರ ಸಮಕ್ಕೆ ಇಮಾಮ್ ಸಾಬ್ ಕೂತ. ಅರ್ಧ ಕುಂಡೆ ಮಾತ್ರ ಊರಿದ. ಈರಬಸಪ್ಪನವರು ಅವನ ಒರಟು ಬೆರಳನ್ನು ಹಿಡಿದು ಪಟ್ಟಿಯ ಮೇಲಿಟ್ಟರು.

"ಮುಟ್ಟು. ನಿನ್ ಮಗಳ ಕೈಕೆಲ್ಸ. ನಾನಾದ್ರೆ ಸುಳ್ಳು ಹೇಳೇನು, ನಿನ್ ಮಗಳು ಹೇಳ್ತಾಳಾ? ಆ ಖಲೀಲುಲ್ಲಾ ಮಿಷನ್ ಇಟ್ಟು ಮೆರೀತಾನೆ. ನೀನು ಇದನ್ನ ತಗೋ. ಎರಡು ವರ್ಷ ತಡಿ, ಅಂಥವು ಎರಡು ಮಿಷನ್ ಇಡ್ತೀಯ."

ಇಮಾಮ್ ಸಾಬನ ಬೆರಳು ಹುರಿಯ ಮೇಲೆ ಹೋಗುತ್ತ ಹೋಗುತ್ತ ಅವನ ಮುಖ ಅರಳಿತು. ಅವನು ಮಗಳ ಕಡೆ ನೋಡಿದ. ಅಂಥ ಹೆಮ್ಮೆಯನ್ನು ಅವಳು ತನ್ನ ಮದುವೆಯ ದಿನವೂ ಆ ಮುಖದಲ್ಲಿ ಕಂಡಿರಲಿಲ್ಲ. ಬಾಯಿ ತೆರೆದಳು. ಬಾಗಿಲಲ್ಲಿ ಹಾಲಸ್ವಾಮಿ ನಿಂತಿದ್ದ. ಮನೆಯಲ್ಲಿ ಹೇಳಿದರಾಯಿತು ಎಂದು ಬಾಯಿ ಮುಚ್ಚಿದಳು.

ಮನೆಗೆ ಬರುತ್ತಲೇ ಎಲ್ಲವನ್ನೂ ಹೇಳಿದಳು. ಗೆರೆ ಸುಳ್ಳು, ಗಿರಣಿ ಮುಳುಗುತ್ತಿದೆ, ಹಾಲಸ್ವಾಮಿ ಹೊಲಿಸಿದ್ದು, ಯಜಮಾನರು ಪಾಪ ಕುರುಡರು, ಅವರಿಗೂ ಗೊತ್ತಿಲ್ಲ. ಇಮಾಮ್ ಸಾಬ್ ಕೆಮ್ಮುತ್ತ ಕೇಳಿಸಿಕೊಂಡ. ಬೆಳಿಗ್ಗೆ ಎದ್ದು, ಅವಳನ್ನು ಬಿಟ್ಟು ಒಬ್ಬನೇ ದೊಡ್ಡಪೇಟೆಗೆ ಹೋದ. ವಾಪಸು ಬಂದಾಗ ಅವನ ಕಣ್ಣು ಕೆಂಪಾಗಿತ್ತು.

"ಕೂಲಿ ಜಾಸ್ತಿ ಕೇಳಿದ್ಯಂತೆ. ಅವರು ಕೊಡ್ಲಿಲ್ಲ ಅಂತ ಈ ಮಾತು ಹುಟ್ಸಿದ್ಯ?"

"ಇಲ್ಲಪ್ಪ! ಯಾರ್ ಹೇಳಿದ್ದು?"

"ಯಜಮಾನ್ರೇ ಹೇಳಿದ್ರು. ಸಿಟ್ಟು ಮಾಡ್ಲಿಲ್ಲ, ನಗ್ತಾ ಹೇಳಿದ್ರು. ಅವರ ಮನೆ ಗಾದಿ ನಮ್ಮಪ್ಪನ ಕಾಲದಿಂದ ಹೊಲಿದಿದೀವಿ. ನಡಿ."

ಕೈ ಹಿಡಿದು ಎಳೆದುಕೊಂಡು ಹೋದ. ಓಣಿಯ ಜನ ಬಾಗಿಲಿಗೆ ಬಂದು ನೋಡಿದರು. ದೊಡ್ಡಪೇಟೆಯ ಜಗಲಿಯ ಕೆಳಗೆ, ಬೀದಿಯಲ್ಲಿ ಅವಳನ್ನು ನಿಲ್ಲಿಸಿ, "ಕೈ ಮುಗಿ" ಎಂದ. ಅವಳು ನಿಂತೇ ಇದ್ದಳು. ಅಪ್ಪ ಅವಳ ಎರಡೂ ಕೈಗಳನ್ನು ಹಿಡಿದು ಜೋಡಿಸಿದ. "ತಪ್ಪಾಯ್ತು ಅನ್ನು."

"ತಪ್ಪಾಯ್ತು" ಎಂದಳು.

"ಹೋಗ್ಲಿ ಬಿಡು ಇಮಾಮ್ ಸಾಬ, ಹೆಣ್ಣು ಹುಡುಗಿ" ಎಂದರು ಈರಬಸಪ್ಪನವರು. ಷೇರಿನ ಕಾಗದಗಳ ಮೇಲೆ ಅವರು ಸಹಿ ಮಾಡಿದ್ದೂ, ಇಮಾಮ್ ಸಾಬ್ ಹೆಬ್ಬೆಟ್ಟು ಒತ್ತಿದ್ದೂ ಆವತ್ತೇ. ಮಿಷನ್ನಿಗೆ ಎತ್ತಿಟ್ಟದ್ದೆಲ್ಲ ಆ ಜಗಲಿಯ ಮೇಲೆ ಕೈ ಬದಲಾಯಿತು.

ಅಪ್ಪ ಕಾಗದಗಳನ್ನು ಎದೆಗೆ ಒತ್ತಿಕೊಂಡು ಹೋದ ಮೇಲೆ ಯಜಮಾನರು ಅವಳನ್ನು ಹತ್ತಿರ ಕರೆದರು. ಗಿರಣಿಯ ಪಟ್ಟಿಯನ್ನು ಹರಡಿ, ಅವಳ ಬೆರಳನ್ನು ತಮ್ಮ ಬೆರಳಿನಡಿ ಇಟ್ಟುಕೊಂಡು ಹುರಿಯ ಮೇಲೆ ನಡೆಸಿದರು.

"ಇಲ್ಲೀ ತನಕ ನಿಜ. ಇಲ್ಲಿಂದಾಚೆ ನೀನು ಹೊಲಿದಿದ್ದು."

ಅವಳು ಬೆರಳು ಹಿಂದಕ್ಕೆ ಎಳೆದುಕೊಳ್ಳಲು ಹೋದಳು, ಅವರು ಬಿಡಲಿಲ್ಲ.

"ನಿಜವಾದ ಬೆಲೆ ನಡುಗ್ತದೆ ಕಣೇ. ಏರೋವಾಗ್ಲೂ ನಡುಗ್ತದೆ. ಇದು ನೋಡು, ಮದುವೆ ದಿಬ್ಬಣ ಹೋದಂಗೆ ಹೋಗೈತೆ. ರೇಡಿಯೋ ವಾರ್ತೆ ಕೇಳೋಕೆ ಕಣ್ಣು ಬೇಕೇನೇ? ನಂಗೆ ಮೊದಲ್ನೇ ವಾರವೇ ಗೊತ್ತಾಯ್ತು. ನನ್ ಮಗ ಹೊಲಿಸಿದಾನೆ, ಅಪ್ಪನ ಎದೆ ಒಡೀಬಾರ್ದು ಅಂತ. ಮಗ ಅಂದ್ರೆ ಅವನು! ಸಿಮೆಂಟು, ಸಕ್ಕರೆ ಇಳಿದ್ರೂ ಏಳ್ತವೆ, ಅವು ಇರ್ಲಿ. ಗಿರಣಿ ಏಳಲ್ಲ. ಅದಕ್ಕೊಬ್ಬ ಗಿರಾಕಿ ಬೇಕಾಗಿದ್ದ."

"ನಮ್ಮಪ್ಪನೇ ಬೇಕಿತ್ತಾ ಯಜಮಾನ್ರೇ?"

"ನನ್ ಮಾತು ನಂಬೋನು ಊರಲ್ಲಿ ಅವನೊಬ್ನೇ ಉಳಿದಿದ್ದ" ಎಂದರು. ಪಟ್ಟಿ ಮಡಿಸಿ ಅವಳ ಕೈಗಿಟ್ಟರು. "ಇನ್ಮೇಲೆ ನಿಜ ಹೊಲಿ. ಮಗನ ಮುಂದೆ ಹೇಳಬ್ಯಾಡ, ಬೇಜಾರಾಗ್ತಾನೆ."

ಎಮರ್ಜೆನ್ಸಿ ಬಂದ ವರ್ಷ ಗಿರಣಿಗೆ ಬೀಗ ಬಿತ್ತು. ಸುದ್ದಿ ಇಮಾಮ್ ಸಾಬನಿಗೆ ತಲುಪಿದ್ದು ಚಹಾದ ಅಂಗಡಿಯಲ್ಲಿ. ಖಲೀಲುಲ್ಲಾ ಹೇಳಿದ, ಹೇಳಿ ಚಹಾದ ಕಾಸು ತಾನೇ ಕೊಟ್ಟ. ಮೋಸ ಅನ್ನುವುದಕ್ಕೆ ಜಾಗವಿರಲಿಲ್ಲ. ಕಾಗದಗಳು ಅಸಲಿ, ಸಹಿ ಅಸಲಿ, ಬೆಲೆ ದಿನಾ ಪೇಪರಿನಲ್ಲಿ ಅಚ್ಚಾಗುತ್ತಿತ್ತು, ಓದಬಲ್ಲ ಮಗಳು ಮನೆಯಲ್ಲೇ ಇದ್ದಳು. ಇಮಾಮ್ ಸಾಬ್ ಯಜಮಾನರ ಮನೆಗೆ ಹೋಗಲಿಲ್ಲ, ಬೈಯಲಿಲ್ಲ. ಮನೆಗೆ ಬಂದು, ಹಿಂಜಿದ ಹತ್ತಿಯ ರಾಶಿಯ ಪಕ್ಕ ಕೂತು, ಮಗಳಿಗೆ ಒಂದು ಮಾತು ಹೇಳಿದ.

"ನೀನು ಗಟ್ಟಿಯಾಗಿ ಹೇಳ್ಬೇಕಿತ್ತು."

ಅದರ ನಂತರ ಅವನು ಅವಳೊಂದಿಗೆ ಕೆಲಸದ ಮಾತು ಬಿಟ್ಟು ಬೇರೆ ಮಾತಾಡಿದ್ದು ಕಡಿಮೆ. ಓಣಿಯ ಹೆಂಗಸರು ನಲ್ಲಿಯ ಹತ್ತಿರ ಅವಳಿಗೆ ಕೇಳುವಂತೆಯೇ ಆಡಿಕೊಂಡರು: ಗಂಡನ ಮನೆ ತಿಂದವಳು, ಈಗ ಅಪ್ಪನ ಮನೆಯನ್ನೂ ತಿಂದಳು.

ಇಷ್ಟಾದ ಮೇಲೂ ಮೆಹರುನ್ನೀಸಾ ದೊಡ್ಡಪೇಟೆಗೆ ಹೋಗುವುದು ಬಿಡಲಿಲ್ಲ. ಅವಳ ಕೂಲಿಯಿಂದಲೇ ಒಲೆ ಉರಿಯಬೇಕಿತ್ತು, ಅದು ಮೊದಲ ಕಾರಣ. ಎರಡನೆಯದು ಆಮೇಲೆ ಹುಟ್ಟಿತು. ಹಾಲಸ್ವಾಮಿ ಹೊಸ ಲಾರಿ ತಂದಿದ್ದ. ಪೂಜೆಯ ದಿನ ಬೆಂಗಳೂರಿನಿಂದ ಬಂದಿದ್ದ ಷೇರು ದಲ್ಲಾಳಿಯೊಬ್ಬ ಅವಳ ಪಕ್ಕದಲ್ಲೇ ನಿಂತು ಅವನ ಬೆನ್ನು ತಟ್ಟಿದ: "ಒಳ್ಳೇ ಟೈಮಲ್ಲಿ ಸಿಮೆಂಟು, ಸಕ್ಕರೆ ಎಲ್ಲಾ ಮಾರಿದ್ರಿ ಬಿಡಿ. ಇನ್ನೊಂದು ತಿಂಗ್ಳು ಕಾದಿದ್ರೆ ಲಾರಿ ಅಲ್ಲ, ಸೈಕಲ್ ಬರ್ತಿತ್ತು." ಆಗ ಅವಳಿಗೆ ಎಲ್ಲ ತಿಳಿಯಿತು. ಕಣ್ಣು ಹೋದಾಗ ಅಪ್ಪ ವ್ಯವಹಾರ ನೋಡಿಕೊಳ್ಳಲು ಬರೆದುಕೊಟ್ಟ ಮುಖತ್ಯಾರ ಪತ್ರ ಹಿಡಿದು ಹಾಲಸ್ವಾಮಿ ಒಳ್ಳೆಯ ಷೇರುಗಳನ್ನೆಲ್ಲ ಮುಂಚೆಯೇ ಮಾರಿದ್ದ. ಬೆಲೆ ಇಳಿದಿದ್ದು ಗೊತ್ತಾದರೆ ಅಪ್ಪ ಮಾರು ಅನ್ನುತ್ತಾನೆ, ಮಾರಿದ ದುಡ್ಡು ಎಲ್ಲಿ ಅನ್ನುತ್ತಾನೆ. ಏರುವ ಗೆರೆ ಹೊಲಿಸಿದ್ದು ಅದಕ್ಕೆ. ಎದೆ ನೋವು ಬರೀ ನೆಪ. ಗಿರಣಿಯದ್ದನ್ನು ಮಾರದೆ ಬಿಟ್ಟದ್ದು, ಅದನ್ನು ಕೊಳ್ಳುವವರು ಇರಲಿಲ್ಲ ಎಂದು.

ಅವಳು ಯಾರಿಗೂ ಹೇಳಲಿಲ್ಲ. ಯಜಮಾನರು ನಿಜ ಹೊಲಿ ಅಂದಿದ್ದರು. ನಿಜವನ್ನೇ ಹೊಲಿದಳು, ಅವರದ್ದಲ್ಲದ ಷೇರುಗಳ ನಿಜವಾದ ಬೆಲೆಯನ್ನು, ಪೇಪರಿನಲ್ಲಿ ಇದ್ದಂತೆ, ಕಾಸೂ ಹೆಚ್ಚು ಕಡಿಮೆ ಮಾಡದೆ. ಸಿಮೆಂಟು ನಿಧಾನವಾಗಿ ಎದ್ದಿತು. ಮುದುಕ ನಡುಗುವ ಗೆರೆಯನ್ನು ಸವರಿ ಸವರಿ ಸುಖಪಡುತ್ತಿದ್ದ. "ನಾನು ಹೇಳ್ಲಿಲ್ವಾ, ಏಳ್ತದೆ ಅಂತ?" ಅವಳು ದಾರ ಕಚ್ಚಿ ಹರಿಯುತ್ತ, "ಹೌದು ಯಜಮಾನ್ರೇ" ಅನ್ನುತ್ತಿದ್ದಳು. ಒಳಗೆ ಒಂದು ಕೆಂಡವನ್ನು ಬೂದಿ ಮುಚ್ಚಿ ಇಟ್ಟುಕೊಂಡವಳ ಹಾಗೆ ಇದ್ದಳು. ಆದರೆ ದಿನ ಕಳೆದಂತೆ ಅವಳಿಗೇ ಒಂದು ಸಂಕಟ ಶುರುವಾಯಿತು. ತಾನು ಬಾಯಿ ಮುಚ್ಚಿಕೊಂಡಷ್ಟೂ ಆ ಮನುಷ್ಯ ಸುಖವಾಗಿಯೇ ಇದ್ದಾನೆ.

ಇಮಾಮ್ ಸಾಬ್ ಹಾಸಿಗೆ ಹಿಡಿದ. ಕೆಮ್ಮಿದಾಗ ರಕ್ತ ಬರತೊಡಗಿತು. ದಾವಣಗೆರೆಗೆ ಕರೆದುಕೊಂಡು ಹೋಗಿ ಎಂದರು ಡಾಕ್ಟರು. ಮೆಹರುನ್ನೀಸಾ ಮುಂಗಡ ಕೂಲಿ ಕೇಳಿದಳು.

"ನಿಮ್ಮಪ್ಪನ ಹತ್ರ ಷೇರು ಐತಲ್ಲೇ" ಎಂದರು ಈರಬಸಪ್ಪನವರು. "ಮಾರ್ಕೊಳ್ಳಿ."

ಹೇಳಿ ತಾವೇ ನಕ್ಕರು. ಒಳಗೆ ಪಾತ್ರೆ ಬೆಳಗುತ್ತಿದ್ದ ಗಂಗಕ್ಕನ ಕೈ ಒಂದು ಗಳಿಗೆ ನಿಂತು, ಮತ್ತೆ ಬೆಳಗಲು ಶುರುಮಾಡಿತು.

ಇಮಾಮ್ ಸಾಬ್ ಎಪ್ಪತ್ತೇಳರ ಚುನಾವಣೆಯ ಗದ್ದಲದ ನಡುವೆ ತೀರಿಕೊಂಡ. ಜೀಪುಗಳ ಮೈಕಿನ ಸದ್ದಿಗೆ ಅವನ ಕೊನೆಯ ಮಾತು ಅವಳಿಗೆ ಕೇಳಿಸಲಿಲ್ಲ. ಏನಪ್ಪ, ಏನಂದೆ ಎಂದು ಕೇಳಿದಾಗ ಅವನು ಇರಲಿಲ್ಲ.

ನಲವತ್ತು ದಿನ ಕಳೆದ ಮೇಲೆ ಅವಳು ದೊಡ್ಡಪೇಟೆಗೆ ಹೋದಳು. ಈರಬಸಪ್ಪನವರು ಸಿಮೆಂಟಿನ ಪಟ್ಟಿ ತೊಡೆಯ ಮೇಲೆ ಹಾಕಿಕೊಂಡು ಕಾಯುತ್ತಿದ್ದರು. ಅಪ್ಪನ ಬಗ್ಗೆ ಕೇಳಲಿಲ್ಲ. "ಇಷ್ಟು ವಾರ ಎಲ್ಲಿ ಹಾಳಾಗಿದ್ದೆ? ಬೆಲೆ ಹೇಳು" ಎಂದರು.

"ಬೆಲೆ ಏರೈತೆ ಯಜಮಾನ್ರೇ. ಷೇರು ನಿಮ್ಮದಲ್ಲ."

"ಏನಂದೆ?"

"ನಿಮ್ ಮಗ ಮಾರಿ ಮೂರು ವರ್ಷದ ಹತ್ರ ಆಯ್ತು. ಸಿಮೆಂಟು, ಸಕ್ಕರೆ, ಕಾಗದ ಎಲ್ಲಾನೂ. ಬಾಗ್ಲಲ್ಲಿ ನಿಲ್ಲೋ ಲಾರಿ ಅದೇ. ನಿಮ್ ಎದೆ ಒಡೀಬಾರ್ದು ಅಂತ ಅಲ್ಲ ಗೆರೆ ಹೊಲಿಸಿದ್ದು. ನೀವು ಕೇಳಬಾರ್ದು ಅಂತ."

ಅವರು ಗೋಡೆ ನಡುಗುವಂತೆ ಮಗನನ್ನು ಕೂಗಿದರು. ಹಾಲಸ್ವಾಮಿ ಬನಿಯನ್ನಿನಲ್ಲೇ ಬಂದ. ಇಲ್ಲ ಎಂದು ಒಂದು ಮಾತು ಹೇಳಿದ್ದರೆ ಮುದುಕ ನಂಬುತ್ತಿದ್ದ, ನಂಬಲು ತಯಾರಾಗಿಯೇ ಮುಖ ಎತ್ತಿದ್ದ. ಆದರೆ ಹಾಲಸ್ವಾಮಿಗೆ ಇಷ್ಟು ವರ್ಷದ ನಾಟಕ ಸಾಕಾಗಿತ್ತು.

"ಹೌದು, ಮಾರಿದೆ. ಈಗೇನು? ನೀವು ಉಣ್ತಿರೋ ಅನ್ನ ಆ ಲಾರಿದೇ. ಕುರುಡ್ರಿಗೆ ಷೇರು ಯಾಕೆ?" ಎಂದು ಹೇಳಿ ಒಳಗೆ ಹೋದ.

ಈರಬಸಪ್ಪನವರ ಕೈ ಪಟ್ಟಿಯ ಮೇಲೆ ಹಾಗೇ ಇತ್ತು. "ನಿಂಗೆ ಯಾವಾಗಿಂದ ಗೊತ್ತು?" ಎಂದರು.

"ಲಾರಿ ಪೂಜೆ ದಿನದಿಂದ."

"ಯಾಕೆ ಹೇಳ್ಲಿಲ್ಲ?"

"ಒಂದ್ಸಲ ನಿಜ ಹೇಳಿದ್ದೆ. ಬೀದೀಲಿ ಕೈ ಮುಗಿಸಿದ್ರಿ."

ಮುದುಕ ಅವಳ ದನಿ ಬಂದ ಕಡೆಗೆ ದಬ್ಬಳ ಎಸೆದ. ಅದು ಕಂಬಕ್ಕೆ ಬಡಿದು ಬಿತ್ತು. ಅವಳು ಅದನ್ನು ಎತ್ತಿ ಅವರ ಪಕ್ಕದಲ್ಲಿಟ್ಟು ಮೆಟ್ಟಿಲಿಳಿದಳು. ದಾರಿಯಲ್ಲಿ ಅವಳಿಗೆ ನಗು ಬಂತು, ಸಂತೆಗೆ ಹೊರಟ ಯಾರೋ ತಿರುಗಿ ನೋಡಿದರು. ಬಹಳ ವರ್ಷಗಳ ಮೇಲೆ ಹೊಟ್ಟೆ ತುಂಬ ಉಂಡಳು, ಚೆನ್ನಾಗಿ ನಿದ್ದೆ ಮಾಡಿದಳು. ಕೆಟ್ಟದ್ದು ಮಾಡಿದೆನೇ ಎಂದು ತನ್ನನ್ನು ತಾನು ಕೇಳಿಕೊಳ್ಳಲೂ ಇಲ್ಲ.

ಆ ಮಳೆಗಾಲ ಕಳೆಯುವಷ್ಟರಲ್ಲಿ ಗಂಗಕ್ಕ ಪಿಂಜಾರರ ಓಣಿಗೆ ಬಂದಳು. ದೊಡ್ಡಪೇಟೆಯ ಯಜಮಾನಿ ಆ ಓಣಿಗೆ ಕಾಲಿಟ್ಟಿದ್ದು ಅದೇ ಮೊದಲು. ಬಾಗಿಲ ಹೊರಗೇ ನಿಂತು ಸೆರಗು ಬಿಗಿ ಮಾಡಿಕೊಂಡಳು.

"ಬಾರೇ ತಾಯಿ. ಅವರು ಊಟ ಬಿಟ್ಟವ್ರೆ. ದಿನಾ ಗೋಡೆ ಸವರ್ತಾ ಕುಂತಿರ್ತಾರೆ, ಗಾರೆ ಬಿಟ್ಟಿರೋ ಬಿರುಕೆಲ್ಲಾ ಬೆರಳಲ್ಲಿ ಹುಡುಕಿ, ಇದು ಯಾವ ಷೇರು, ಇದು ಯಾವ ಷೇರು ಅಂತ ನನ್ನ ಕೇಳ್ತಾರೆ. ಷೇರು ಇಲ್ಲದಿದ್ರೂ ಪರವಾಗಿಲ್ಲ, ಗೆರೆ ಬೇಕಂತೆ. ಏನಾದ್ರೂ ಒಂದು ಹೊಲಿದು ಕೊಡೇ. ಸುಳ್ಳಾದ್ರೂ ಸರಿ."

ಮೆಹರುನ್ನೀಸಾ ಬಿಲ್ಲಿನ ತಂತಿ ಬಿಗಿಯುತ್ತಿದ್ದಳು. ಅಪ್ಪ ಹೋದ ಮೇಲೆ ಹಿಂಜುವುದನ್ನೂ ತಾನೇ ಕಲಿತಿದ್ದಳು, ಹೆಂಗಸು ಬಿಲ್ಲು ಮುಟ್ಟಬಾರದು ಎಂದವರಿಗೆ ಉತ್ತರ ಕೊಡದೆ. ತಲೆಯೆತ್ತಿ ನೋಡಿದಳು. ಗಂಗಕ್ಕನ ಕಣ್ಣ ಕೆಳಗೆ ಕಪ್ಪು ಕಟ್ಟಿತ್ತು, ಕತ್ತಿನಲ್ಲಿ ತಾಳಿಯ ದಾರ ಬಿಟ್ಟರೆ ಬಂಗಾರವಿರಲಿಲ್ಲ. ಈ ಹೆಂಗಸು ತನಗೆ ಏನು ಕೆಟ್ಟದ್ದು ಮಾಡಿದಳು ಎಂದು ಯೋಚಿಸಿದಳು. ಏನೂ ಮಾಡಿರಲಿಲ್ಲ. ಎಲ್ಲವನ್ನೂ ಒಳಗಿನಿಂದ ಕೇಳಿಸಿಕೊಂಡಿದ್ದಳು, ಅಷ್ಟೇ.

"ಬರಲ್ಲ ಅಮ್ಮಾರೇ" ಎಂದಳು.

"ನನ್ ಮುಖ ನೋಡಾದ್ರೂ ಬಾರೇ."

"ಬರಲ್ಲ."

ಗಂಗಕ್ಕ ಹೋದಳು, ಬಿಸಿಲಿಗೆ ಕೈ ಅಡ್ಡ ಹಿಡಿದುಕೊಂಡು.

ಮುಂದಿನ ವರ್ಷ ಮೆಹರುನ್ನೀಸಾ ಚಿತ್ರದುರ್ಗ ಬಿಟ್ಟು ಹೊಸದುರ್ಗಕ್ಕೆ ಹೋಗಿ ಬಸ್‌ಸ್ಟ್ಯಾಂಡಿನ ಹಿಂದೆ ಒಂದು ತಗಡಿನ ಮನೆ ಹಿಡಿದಳು. ಮಾಡದಕೆರೆ ಕಡೆಯ ಹಳ್ಳಿಗಳ ಗಾದಿ, ದಿಂಬು ಅವಳಿಗೆ ಬರತೊಡಗಿದವು. ಕೆಲಸ ಗಟ್ಟಿ, ಮಾತು ಅದಕ್ಕಿಂತ ಗಟ್ಟಿ ಎಂದು ಹೆಸರಾದಳು. ಬೆಲೆ ಒಮ್ಮೆ ಹೇಳುತ್ತಿದ್ದಳು, ಎರಡನೇ ಸಲ ಕೇಳಿದವರಿಗೆ ಬೆನ್ನು ತಿರುಗಿಸುತ್ತಿದ್ದಳು. ಹೊಳಲ್ಕೆರೆಯಿಂದ ಬಂದ ಒಂದು ಸಂಬಂಧವನ್ನು, ಒಳ್ಳೆಯ ಮನುಷ್ಯನೇ, ಬೇಡವೆಂದಳು. ಬಸ್ಸಿಳಿದ ಯಾರೋ ಈರಬಸಪ್ಪನವರು ತೀರಿಕೊಂಡ ಸುದ್ದಿ ತಂದಾಗ ಅವಳು ಒಂದು ಮದುವೆ ಗಾದಿಗೆ ಹತ್ತಿ ತುಂಬುತ್ತಿದ್ದಳು. ಮಣ್ಣಿಗೆ ಜನ ಬಂದಿದ್ದರೇ ಎಂದು ಕೇಳಿದಳು. ಬಂದಿರಲಿಲ್ಲ ಎಂದರು. ಮೂಲೆಗಳಿಗೆ ಹತ್ತಿ ಒತ್ತಿ, ಬಾಯಿ ಮುಚ್ಚಿ ಹೊಲಿದು, ಗಾದಿಯನ್ನು ಗೋಡೆಗೆ ನಿಲ್ಲಿಸಿದಳು. ಸಂಜೆ ಮದುವೆ ಮನೆಯವರು ಬಂದು ಹೊತ್ತುಕೊಂಡು ಹೋದರು.